ಲಗ್ನಪತ್ರಿಕೆಯ ಬೆನ್ನು

ಪುಟ್ಟೇನಹಳ್ಳಿ ಕೆರೆಯ ಹಿಂದಿನ ಬೀದಿಯ ಆ ನಾಲ್ಕಂತಸ್ತಿನ ಮನೆಯಲ್ಲಿ, ಬೆಳಿಗ್ಗೆ ಹಾಲು ಉಕ್ಕುವುದಕ್ಕೂ ತಿಂಡಿ ತಟ್ಟೆಗೆ ಬೀಳುವುದಕ್ಕೂ ನಡುವೆ ಮುಕ್ಕಾಲು ಗಂಟೆ ಬಿಡುವಿದೆಯಲ್ಲ, ಅದು ಮುನಿವೆಂಕಟಮ್ಮನದು. ಆ ಹೊತ್ತಿನಲ್ಲಿ ಮಗ ಗೋಪಿ ಅವಳನ್ನು ಕೂಗುವುದಿಲ್ಲ, ಸೊಸೆ ದಿವ್ಯ ಕೊತ್ತಂಬರಿ ಸೋಸಿಕೊಡಿ ಎಂದು ಕೇಳುವುದಿಲ್ಲ. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಮಣೆ ಹಾಕಿಕೊಂಡು, ಮಡಿಲ ಮೇಲೆ ಮೊರವನ್ನು ಬೋರಲು ಹಾಕಿ, ಅದರ ಮೇಲೆ ಪುಸ್ತಕವಿಟ್ಟುಕೊಂಡು ಅವಳು ಚಿತ್ರ ಬರೆಯುತ್ತಾಳೆ.

ಸಾಮಾನು ಹೆಚ್ಚಿಲ್ಲ. ನೀಲಿ ಬಾಲ್ ಪೆನ್ನು ಒಂದು. ನೆರಳು ತುಂಬುವುದಕ್ಕೆ ಬಾಟಲಿಯ ಮುಚ್ಚಳದಲ್ಲಿ ಒಂದು ಚಮಚ ಕಾಫಿ ಡಿಕಾಕ್ಷನ್. ಬಣ್ಣ ಬೇಕೆನಿಸಿದರೆ ದೇವರ ಗೂಡಿನಿಂದ ಚಿಟಿಕೆ ಅರಿಶಿನ, ಚಿಟಿಕೆ ಕುಂಕುಮ. ಕುಂಚದ ಬದಲು ತುದಿಗೆ ಹತ್ತಿ ಸುತ್ತಿದ ಊದುಬತ್ತಿ ಕಡ್ಡಿ. ದಿನಕ್ಕೆ ಒಂದೇ ಪುಟ. ಒಂದು ದಿನ ಕೆರೆಯ ನೀರುಕೋಳಿ, ಒಂದು ದಿನ ಗೋಪಿ ಬಿಚ್ಚಿ ಬಿಸಾಕಿದ ಶೂ, ಒಂದು ದಿನ ಅರ್ಧ ಹೆಚ್ಚಿದ ಸೋರೆಕಾಯಿ. ಅಡಿಯಲ್ಲಿ ದಿನಾಂಕ ಹಾಕಿ, ದುಂಡು ಅಕ್ಷರದಲ್ಲಿ ಒಂದು ಸಾಲು ಬರೆದರೆ ಮುಗಿಯಿತು. ಹೀಗೆ ಇಪ್ಪತ್ತನಾಲ್ಕು ವರ್ಷ. ಗಂಡ ತೀರಿಕೊಂಡ ಹದಿಮೂರು ದಿನದ ಪುಟಗಳಲ್ಲಿ ಮಾತ್ರ ಚಿತ್ರವಿಲ್ಲ, ಬರೀ ದಿನಾಂಕಗಳಿವೆ.

ಈ ರೂಢಿ ಹಚ್ಚಿದವರು ದ್ರೌಪದಮ್ಮ ಟೀಚರ್. ಆಗ ಊರಿನ ಶಾಲೆಯ ಒಂದು ಕೋಣೆಯಲ್ಲಿ ಸಂಜೆ ಏಳಕ್ಕೆ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದರು. ಹೊಲದಿಂದ ಬಂದು, ಹಸು ಕರೆದು, ಸೊಪ್ಪಿನ ಸಾರಿಗಿಟ್ಟು ಓಡಿಬರುತ್ತಿದ್ದ ಹೆಂಗಸರಲ್ಲಿ ಮುನಿವೆಂಕಟಮ್ಮನೂ ಒಬ್ಬಳು. ವಯಸ್ಸು ನಲವತ್ತನಾಲ್ಕು. 'ಅ' ಬರೆ ಎಂದರೆ 'ಅ' ಬರೆದು, ಅದರ ಸುತ್ತ ಬಳ್ಳಿ ಬರೆದು, ಬಳ್ಳಿಗೊಂದು ಗಿಳಿ ಕೂರಿಸುತ್ತಿದ್ದಳು. ಕಾಪಿ ಪುಸ್ತಕ ನೋಡಿದ ಟೀಚರು ಬೈಯುತ್ತಾರೆಂದು ಅವಳು ತಲೆ ತಗ್ಗಿಸಿ ಕೂತಿದ್ದಳು. ಟೀಚರು ಬೈಯಲಿಲ್ಲ. ಮಾರನೆಯ ದಿನ ಗೆರೆಯಿಲ್ಲದ ಒಂದು ಉದ್ದನೆಯ ಪುಸ್ತಕ ತಂದು ಅವಳ ಕೈಗಿಟ್ಟರು.

"ಇದು ಅಕ್ಷರಕ್ಕಲ್ಲ, ಗಿಳಿಗೆ. ದಿನಾ ಒಂದು ಪುಟ. ಚೆನ್ನಾಗ್ ಬಂತೋ ಕೆಟ್ಟದಾಗ್ ಬಂತೋ ನೋಡ್ಬೇಡ. ದಿನಾಂಕ ಹಾಕು, ಮುಂದಿನ ಪುಟಕ್ಕೆ ಹೋಗು."

"ಎಷ್ಟ್ ದಿನ ಬರೀಬೇಕು ಟೀಚರಮ್ಮ?"

"ಬ್ಯಾಸರ ಬರೋವರ್ಗೂ."

ಬೇಸರ ಬಂದದ್ದುಂಟು, ಆದರೆ ಬಂದ ದಿನವೂ ಒಂದು ಪುಟ ಬರೆದದ್ದರಿಂದ ಅದು ನಿಲ್ಲಲಿಲ್ಲ.

ಮೊದಮೊದಲು ಅಂಗಡಿಯ ಪುಸ್ತಕಗಳೇ. ಆಮೇಲೆ ಊರಿನ ಹೊಲಗಳು ಸೈಟುಗಳಾದವು, ಸೈಟುಗಳ ಮೇಲೆ ಮನೆಗಳೆದ್ದವು, ಎದ್ದ ಮನೆಗಳಲ್ಲೆಲ್ಲ ಮದುವೆಗಳಾದವು. ಊರಿನ ಹಳಬರ ಮನೆಗೆ ಲಗ್ನಪತ್ರಿಕೆ ಬೀಳುವುದು ತರಗೆಲೆ ಬಿದ್ದಂತೆ. ಬರೀ ಪಕ್ಕದ ಹಳ್ಳಿ ಸಿಂಗಾಪುರದ ನೆಂಟರ ಕಡೆಯಿಂದಲೇ ವರ್ಷಕ್ಕೆ ಮೂವತ್ತು. ದಪ್ಪ ಕಾಗದ, ಮೂಲೆಗೆ ಅರಿಶಿನ, ಮೇಲೆ ಗಣಪತಿ. ದೇವರ ಚಿತ್ರವಿದ್ದದ್ದನ್ನು ಕಸಕ್ಕೆ ಹಾಕುವ ಹಾಗಿಲ್ಲ, ಒಲೆಗೂ ಹಾಕುವ ಹಾಗಿಲ್ಲ. ಮಂಚದ ಕೆಳಗಿನ ಪುಟ್ಟಿಯಲ್ಲಿ ಅವು ಬೆಳೆಯುತ್ತಲೇ ಹೋದವು. ಒಂದು ದಿನ ಒಂದನ್ನು ತಿರುಗಿಸಿ ನೋಡಿದರೆ ಬೆನ್ನು ಪೂರ್ತಿ ಖಾಲಿ. ಮುನಿವೆಂಕಟಮ್ಮ ಅದನ್ನು ಎರಡು ಹೋಳು ಮಾಡಿ, ಅಚ್ಚಿನ ಮಗ್ಗುಲುಗಳನ್ನು ಒಳಗೆ ಮಾಡಿ, ಮೈದಾ ಗಂಜಿಯಿಂದ ಒಂದಕ್ಕೊಂದು ಅಂಟಿಸಿದಳು. ಗಣಪತಿ ಒಳಗೆ ಬೆಚ್ಚಗಾದ. ಹೊರಗೆ ಎರಡೂ ಮಗ್ಗುಲು ಖಾಲಿಯಾದ ಗಟ್ಟಿ ಹಾಳೆ ಸಿಕ್ಕಿತು.

ಹಾಳೆಗಳು ಪುಸ್ತಕವಾದದ್ದು ದಾನವ್ವ ಬಂದ ಮೇಲೆ. ಕಲಬುರಗಿ ಕಡೆಯವಳು. ಗಂಡ ಶಿವಶರಣಪ್ಪನಿಗೆ ಯಲಹಂಕದ ಕಾರ್ಖಾನೆಯಲ್ಲಿ ಕೆಲಸ. ಕೆಳಗಿನ ಮನೆಗೆ ಬಾಡಿಗೆಗೆ ಬಂದು ನಾಲ್ಕು ವರ್ಷವಾಯಿತು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದರಲ್ಲಿ ಅವಳ ಕೈ ಪಳಗಿದ್ದು. ಮುನಿವೆಂಕಟಮ್ಮನ ಬಿಡಿ ಹಾಳೆಗಳನ್ನು ನೋಡಿ, "ಇವೇನ್ರಿ ಅಮ್ಮಾರ, ಗಾಳಿಗೆ ಹಾರಿ ಹೋಗ್ತಾವಲ್ಲ. ಕೊಡ್ರಿ, ಕೌದಿ ಹೊಲದಂಗ ಹೊಲದು ಕೊಡ್ತೀನಿ" ಎಂದಳು. ಇಳಕಲ್ ಸೀರೆಯ ತುಂಡು ಹೊದಿಸಿ, ಬೆನ್ನಿಗೆ ದಪ್ಪ ನೂಲು ಎಳೆದು ಕೊಟ್ಟಳು. ಹದಿನಾರು ಹಾಳೆಗೆ ಒಂದು ಪುಸ್ತಕ. ಅವತ್ತಿನಿಂದ ಒಬ್ಬಳು ಬರೆಯುವವಳು, ಒಬ್ಬಳು ಹೊಲಿಯುವವಳು.

ಮನೆಯಲ್ಲಿ ಇದಕ್ಕೆಲ್ಲ ಒಂದು ಕಟ್ಟುಪಾಡಿತ್ತು. ಆಗಬೇಕಾದ ಮದುವೆಯ ಕಾರ್ಡು ನಡುಮನೆಯ ಕ್ಯಾಲೆಂಡರಿನ ಪಕ್ಕದ ಮೊಳೆಗೆ. ಆಗಿಹೋದದ್ದು ಪುಟ್ಟಿಗೆ. ಗೋಪಿಗೆ ಆ ಮೊಳೆಯೇ ಡೈರಿ. ಭಾನುವಾರ ಎದ್ದವನೇ ಮೊಳೆ ನೋಡಿ, ಇವತ್ತು ಎಷ್ಟು ಛತ್ರ ಎಂದು ಲೆಕ್ಕ ಹಾಕುತ್ತಿದ್ದ. ಮೊಳೆಯ ಕಾರ್ಡನ್ನು ಮುನಿವೆಂಕಟಮ್ಮ ಒಂದು ದಿನವೂ ಮುಟ್ಟಿದವಳಲ್ಲ.

ಮುಟ್ಟಿದ್ದು ಒಂದೇ ಸಲ.

ದ್ರೌಪದಮ್ಮ ಟೀಚರು ಎಪ್ಪತ್ತೆಂಟರ ವಯಸ್ಸಿನಲ್ಲಿ, ಆರ್.ಟಿ. ನಗರದಿಂದ ಎರಡು ಬಸ್ಸು ಬದಲಾಯಿಸಿ, ಮಂಡಿ ಹಿಡಿದುಕೊಂಡು ಎರಡು ಮಹಡಿ ಹತ್ತಿ ಬಂದಿದ್ದರು. ಮೊಮ್ಮಗಳು ಮೋನಿಕಾಳ ಮದುವೆ. ಕುಂಕುಮವಿಟ್ಟು ಎರಡೂ ಕೈಯಲ್ಲಿ ಕಾರ್ಡು ಕೊಟ್ಟರು. "ಹುಣ್ಣಿಮೆ ಆಸುಪಾಸಿನ ಭಾನುವಾರ. ಎಲ್ಲಾ ಇದ್ರಲ್ಲೇ ಇದೆ, ಓದ್ಕೋ. ನೀನು ಬರ್ಲಿಲ್ಲ ಅಂದ್ರೆ ನಾನು ಮಾತಾಡಲ್ಲ" ಎಂದರು. ಅವರು ಮಾತಾಡುತ್ತಿದ್ದಾಗ ಮುನಿವೆಂಕಟಮ್ಮನ ಹೆಬ್ಬೆರಳು ತನ್ನಷ್ಟಕ್ಕೆ ಕಾರ್ಡಿನ ಬೆನ್ನನ್ನು ಸವರುತ್ತಿತ್ತು. ಅಂಥ ಕಾಗದವನ್ನು ಅವಳು ಕಂಡಿರಲಿಲ್ಲ. ಕೆನೆಯ ಬಣ್ಣ, ಕೈಗೆ ಒರಟು, ಆದರೆ ಪೆನ್ನು ಜಾರುವಂಥದ್ದಲ್ಲ, ಹೀರುವಂಥದ್ದೂ ಅಲ್ಲ. ಅಚ್ಚು ಒಂದೇ ಮಗ್ಗುಲಿಗೆ.

ಹದಿನೈದು ದಿನ ಅದು ಮೊಳೆಯ ಮೇಲೆ ಇತ್ತು. ಹದಿನೈದು ದಿನವೂ ಅವಳು ಓಡಾಡುವಾಗ ಒಂದು ಸಲ ನೋಡಿಕೊಂಡೇ ಓಡಾಡಿದಳು. ಆಮೇಲೆ ದಾನವ್ವ ನಲವತ್ತೆರಡನೇ ಪುಸ್ತಕ ಹೊಲಿಯಲು ಕೂತು, "ಹದಿನೈದ ಅದಾವ್ರಿ ಅಮ್ಮಾರ, ಇನ್ನೊಂದು ಹಾಳಿ ಬೇಕು" ಎಂದಳು. ಪುಟ್ಟಿಯಲ್ಲಿ ಉಳಿದವೆಲ್ಲ ಎರಡೂ ಕಡೆ ಅಚ್ಚಾದವೇ. ಅರವತ್ತೆಂಟು ವರ್ಷ ತಾಳಿದ ಜೀವ, ಅವತ್ತೊಂದು ದಿನ ತಾಳಲಿಲ್ಲ. ಯಾರ ಮದುವೆ, ಯಾವ ಹುಣ್ಣಿಮೆ, ಎಲ್ಲಾ ತಲೆಯಲ್ಲಿದೆಯಲ್ಲ ಎಂದುಕೊಂಡು ಮೊಳೆಯಿಂದ ಕಾರ್ಡು ಇಳಿಸಿದಳು. ಕತ್ತರಿಸಿ, ಅಂಟಿಸಿ, ಹೊಲಿಸಿಯೂ ಬಿಟ್ಟಳು.

ಆ ಹಾಳೆಯ ಸರದಿ ಬಂದ ಬೆಳಿಗ್ಗೆ ಅವಳು ಏನನ್ನೂ ಯೋಚಿಸಿರಲಿಲ್ಲ. ಪೆನ್ನು ಇಟ್ಟಳು, ಒಂದು ಹುಬ್ಬು ಬಂತು. ಹುಬ್ಬಿನ ಕೆಳಗೆ ಕಣ್ಣು, ಕಣ್ಣಿನ ಪಕ್ಕ ಮೂಗು, ಮೂಗಿಗೆ ನತ್ತು. ಕೊನೆಗೆ ನೋಡಿದರೆ ಅವ್ವ.

ಮುನಿವೆಂಕಟಮ್ಮನ ತಾಯಿ ತೀರಿಕೊಂಡಾಗ ಇವಳಿಗೆ ಹನ್ನೊಂದು. ಚಿಕ್ಕಜಾಲದ ತವರಿನಲ್ಲಿ ತಾಯಿಯ ಒಂದೇ ಒಂದು ಫೋಟೋ ಇರಲಿಲ್ಲ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಎಲ್ಲರ ಫೋಟೋಕ್ಕೂ ಹಾರ ಹಾಕಿ, ಅವ್ವನ ಜಾಗದಲ್ಲಿ ಒಂದು ಹಿತ್ತಾಳೆ ಕಲಶಕ್ಕೆ ಸೀರೆ ಸುತ್ತಿ ಇಡುತ್ತಿದ್ದರು. ಇಪ್ಪತ್ತನಾಲ್ಕು ವರ್ಷದಲ್ಲಿ ಮುನಿವೆಂಕಟಮ್ಮ ಅವ್ವನನ್ನು ಬರೆಯಲು ಹೊರಟದ್ದಕ್ಕೆ ಎಣಿಕೆಯಿಲ್ಲ. ಪ್ರತಿ ಸಲವೂ ಯಾರೋ ಬೇರೆ ಹೆಂಗಸು ಬಂದು ಕೂರುತ್ತಿದ್ದಳು. ಬಂದವಳಿಗೆ ದಿನಾಂಕ ಹಾಕಿ ಮುಂದಿನ ಪುಟಕ್ಕೆ ಹೋಗುತ್ತಿದ್ದಳು. ಈ ಸಲ ಬಂದವಳು ಅವ್ವನೇ. ಕಂಡದ್ದು ತನ್ನ ಭ್ರಮೆಯೋ ಏನೋ ಎಂದು ಅಣ್ಣ ಲಕ್ಕಣ್ಣನಿಗೆ ಹೇಳಿಕಳಿಸಿದಳು. ಎಂಬತ್ತು ದಾಟಿದ ಲಕ್ಕಣ್ಣ ಬಂದು, ಕನ್ನಡಕ ಒರೆಸಿ, ಪುಟವನ್ನು ಬೆಳಕಿಗೆ ಹಿಡಿದು ನೋಡಿದ.

"ಇಂಗೇ ಕಣಮ್ಮಿ ಇದ್ಲು ಅವ್ವ. ಈ ಸಲ ಪಿತೃಪಕ್ಸಕ್ಕೆ ಕಟ್ಟಾಕ್ಸಿ ಇಡಾನ" ಎಂದ. ಹೋಗುವಾಗ ಪುಸ್ತಕಕ್ಕೆ ಕೈಮುಗಿದು ಹೋದ.

ಇಷ್ಟಾಗಿ ಒಂದು ವಾರವಾಗಿತ್ತು. ಬಂತು ಆ ಭಾನುವಾರ.

ಬೆಳಿಗ್ಗೆ ಆರೂವರೆ. ಮುನಿವೆಂಕಟಮ್ಮ ಬಾಲ್ಕನಿಯಲ್ಲಿ ಆಗತಾನೆ ಮೊರ ಬೋರಲು ಹಾಕಿಕೊಂಡಿದ್ದಳು. ದಾನವ್ವ ಮೆಟ್ಟಿಲ ಮೇಲೆ ಕೂತು ಮುಂದಿನ ಪುಸ್ತಕಕ್ಕೆ ಬಟ್ಟೆ ಅಳೆಯುತ್ತಿದ್ದಳು. ನಡುಮನೆಯಿಂದ ಗೋಪಿಯ ದನಿ ಬಂತು.

"ಇವತ್ತು ಎರಡು. ಅಟ್ಟೂರು ಒಂದು, ಚಿಕ್ಕಜಾಲ ಒಂದು. ಅಮ್ಮಾ, ನಿಮ್ ಟೀಚರಮ್ಮನ ಮನೆ ಕಾರ್ಡು ಎಲ್ಲಿ? ಮೊಳೇಲಿಲ್ಲ."

"ಅದು ಮುಂದಿನ ವಾರ ಕಣೋ. ಹುಣ್ಣಿಮೆ ಭಾನುವಾರ."

ಗೋಪಿ ಕ್ಯಾಲೆಂಡರಿನ ಮೇಲೆ ಬೆರಳಿಟ್ಟ. "ಹುಣ್ಣಿಮೆ ಬುಧವಾರ ಐತೆ. ಅದರ ಹಿಂದಿನ ಭಾನುವಾರಾನೋ ಮುಂದಿನ ಭಾನುವಾರಾನೋ?"

ಮುನಿವೆಂಕಟಮ್ಮನ ಕೈಯಲ್ಲಿದ್ದ ಪೆನ್ನು ನಿಂತಿತು. ಹುಣ್ಣಿಮೆ ಆಸುಪಾಸಿನ ಭಾನುವಾರ ಎಂದಷ್ಟೇ ಟೀಚರು ಹೇಳಿದ್ದು. ಮುಂದಿನದು ಎಂದು ಸೇರಿಸಿಕೊಂಡದ್ದು ತಾನೇ.

"ಕಾರ್ಡು ನೋಡಿದ್ರೆ ಆಯ್ತಲ್ಲ. ಎಲ್ಲಿಟ್ಟಿದೀಯಾ?"

ಅವಳು ನಲವತ್ತೆರಡನೇ ಪುಸ್ತಕವನ್ನು ಎದೆಗೊತ್ತಿಕೊಂಡಳು. ಗೋಪಿಗೆ ಅರ್ಥವಾಯಿತು.

"ಮೊಳೇಲಿದ್ದದ್ದನ್ನ ಕುಯ್ದುಬಿಟ್ಯಾ? ಅಲ್ಲಮ್ಮಾ, ನೂರು ಕಾರ್ಡು ಮಂಚದ ಕೆಳಗಿಟ್ಕೊಂಡು..."

"ಅವಕ್ಕೆ ಎರಡೂ ಕಡೆ ಅಚ್ಚಿತ್ತು."

"ಫೋನ್ ಮಾಡಿ ಕೇಳಾನ. ನಂಬರ್ ಹೇಳು."

"ಕಾರ್ಡಲ್ಲಿತ್ತು" ಎಂದಳು ಮುನಿವೆಂಕಟಮ್ಮ.

ಅಡುಗೆಮನೆಯಲ್ಲಿ ದಿವ್ಯ ನಗು ತಡೆಯಲು ಕೆಮ್ಮಿದಳು. ಹಳೆಯ ಡೈರಿಯಲ್ಲಿದ್ದ ಲ್ಯಾಂಡ್‌ಲೈನ್ ನಂಬರಿಗೆ ಹಚ್ಚಿ ನೋಡಿದಳು. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದು ಒಂದು ಹೆಣ್ಣು ದನಿ ಮರ್ಯಾದೆಯಿಂದ ಹೇಳಿತು. ದಿವ್ಯಳ ಫೋನಿನಲ್ಲಿ ಆ ಕಾರ್ಡಿನ ಫೋಟೋ ಕೂಡ ಇರಲಿಲ್ಲ. ಮೊಳೆಯ ಮೇಲಿದ್ದದ್ದಕ್ಕೆ ಫೋಟೋ ಯಾಕೆ ಎಂದು ಯಾರೂ ತೆಗೆದಿರಲಿಲ್ಲ.

"ಆರ್.ಟಿ. ನಗರಕ್ಕೆ ಹೋಗಿ ಕೇಳ್ಕೊಂಡ್ ಬರ್ಲಾ?" ಗೋಪಿ ಬೈಕಿನ ಕೀ ಹುಡುಕಿದ.

"ಇವತ್ತೇ ಆಗಿದ್ರೆ ಮನೆಗೆ ಬೀಗ ಹಾಕಿರ್ತಾರೆ. ಬೀಗ ನೋಡ್ಕೊಂಡ್ ಬರೋಷ್ಟ್ರಲ್ಲಿ ಧಾರೆ ಮುಗಿದಿರುತ್ತೆ. ಇವತ್ತಲ್ಲ ಅಂದ್ರೆ ಬಾಗಿಲಲ್ಲಿ ನಿಂತ್ಕೊಂಡು ಏನಂತೀಯಾ? ನೀವು ಮಂಡಿ ನೋವಲ್ಲಿ ಬಂದು ಕುಂಕುಮ ಇಟ್ಟು ಕೊಟ್ಟ ಕಾರ್ಡನ್ನ ನಮ್ಮಮ್ಮ ಕತ್ರಿಸಿ ಹಾಕೌಳೆ, ಇನ್ನೊಂದ್ಸಲ ಕರೀರಿ ಅಂತೀಯಾ?" ಎಂದಳು ಮುನಿವೆಂಕಟಮ್ಮ.

ಗೋಪಿ ಕೀಯನ್ನು ಮೇಜಿನ ಮೇಲಿಟ್ಟ.

ಆ ದಿನ, ಆ ಛತ್ರ, ಆ ಮುಹೂರ್ತ ಎಲ್ಲವೂ ಅವಳ ತೋಳಿನಲ್ಲಿದ್ದ ಪುಸ್ತಕದಲ್ಲೇ ಇದ್ದವು. ಅವ್ವನ ಮುಖದ ಹಿಂದೆ ಗಂಜಿಯಲ್ಲಿ ಮುಚ್ಚಿಹೋಗಿದ್ದವು. ಬಿಚ್ಚಬೇಕಾದರೆ ಹಾಳೆಗೆ ಹಬೆ ತೋರಿಸಬೇಕು. ಹಬೆ ತಾಗಿದರೆ ಪೆನ್ನಿನ ಗೆರೆ ನಿಂತೀತು, ಡಿಕಾಕ್ಷನ್ನಿನ ನೆರಳು ನಿಲ್ಲುವುದಿಲ್ಲ. ಅವ್ವನ ಕೆನ್ನೆ, ಕುತ್ತಿಗೆ, ಕಣ್ಣಿನ ಕೆಳಗಿನ ದಣಿವು, ಎಲ್ಲಾ ಬಂದದ್ದು ಆ ನೆರಳಿನಲ್ಲಿ. ಹಣೆಯ ಕುಂಕುಮವಂತೂ ಬರೀ ನೀರಿನಲ್ಲಿ ಕಲಸಿ ಇಟ್ಟದ್ದು.

ಅವಳು ಪುಟ ತೆರೆದು ನೋಡಿದಳು. ಅವ್ವ ನೋಡಿದಳು.

"ಬಿಡ್ರಿ ಅಮ್ಮಾರ," ಎಂದಳು ದಾನವ್ವ ಮೆಲ್ಲಗೆ. "ಟೀಚರ್ ದೊಡ್ಡವರದಾರ. ಆಮ್ಯಾಲ ಹೋಗಿ ತಪ್ಪಾತ್ರಿ ಅಂದ್ರ ಮಾಫ್ ಮಾಡ್ತಾರ. ನಿಮ್ಮವ್ವನ ಈ ಮಾರಿ ಹೋದ್ರ ಮತ್ತ ಬರ್ತದೇನು?"

ಮುನಿವೆಂಕಟಮ್ಮ ಬಹಳ ಹೊತ್ತು ಯೋಚಿಸುವ ಹೆಂಗಸು. ತೊಗರಿಕಾಯಿ ಕೊಳ್ಳಬೇಕಾದರೂ ಮೂರು ಗಾಡಿ ನೋಡುವವಳು. ಅವತ್ತು ಮಾತ್ರ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಮಾಫ್ ಮಾಡ್ತಾರೆ ದಾನವ್ವ. ಅದಕ್ಕೇ ಹೋಗ್ಬೇಕು. ನಲವತ್ನಾಲ್ಕು ವರ್ಷ ಹೆಬ್ಬೆಟ್ಟು ಒತ್ತಿದ ಕೈ ಇದು. ಈ ಕೈಗೆ ಪುಸ್ತಕ ಕೊಟ್ಟೋರು ಅವ್ರು. ಕೊಡದೇ ಇದ್ದಿದ್ರೆ ಅವ್ವ ಯಾವ ದಾರೀಲಿ ಬರ್ತಿದ್ಲು? ನೂಲು ಬಿಚ್ಚು."

ದಾನವ್ವ ಸೂಜಿಯ ತುದಿಯಿಂದ ಗಂಟು ಎತ್ತಿ, ತಾನೇ ಎಳೆದಿದ್ದ ದಾರವನ್ನು ಒಂದೊಂದೇ ಹೊಲಿಗೆ ಹಿಂದಕ್ಕೆ ಬಿಡಿಸಿದಳು. ಹಾಳೆ ಕೈಗೆ ಬಂತು. ದಿವ್ಯ ಓಡಿಬಂದು, "ತಡೀರಿ ಅತ್ತೆ" ಎಂದು ಅವ್ವನ ಮುಖವನ್ನು ಫೋನಿನಲ್ಲಿ ಹಿಡಿದಳು. ಫೋನಿನ ಗಾಜಿನೊಳಗೆ ಅವ್ವ ಕೊಳದ ನೀರಿನಡಿಯ ಕಲ್ಲಿನ ಹಾಗೆ ಕಂಡಳು. ಇಷ್ಟಾದರೂ ಉಳಿಯಿತಲ್ಲ ಎಂದಳು ಮುನಿವೆಂಕಟಮ್ಮ. ಆದರೆ ಲಕ್ಕಣ್ಣ ಕೈಮುಗಿದದ್ದು ಈ ಕಾಗದಕ್ಕೆ ಎಂಬುದು ಅವಳಿಗೆ ಗೊತ್ತಿತ್ತು.

ಒಲೆಯ ಮೇಲೆ ಇಡ್ಲಿ ಪಾತ್ರೆ ಬುಸುಗುಡುತ್ತಿತ್ತು. ದಿವ್ಯ ಮುಚ್ಚಳವನ್ನು ಅರ್ಧ ಸರಿಸಿದಳು. ಮುನಿವೆಂಕಟಮ್ಮ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಅಂಚನ್ನು ಹಬೆಗೆ ಒಡ್ಡಿದಳು. ಮೊದಲು ಕೆಳಗಿನ ಅಂಚು ಬಾಯಿ ಬಿಟ್ಟಿತು. ದಾನವ್ವ ಕೌದಿಯ ದಪ್ಪ ಸೂಜಿಯನ್ನು ಅದರೊಳಗೆ ಮಲಗಿಸಿ, ಎಳೆಯದೆ, ಬರೀ ಜಾರಿಸುತ್ತಾ ಹೋದಳು. ಹಬೆ ಮೇಲೇರಿತು. ಕುತ್ತಿಗೆಯ ನೆರಳು ಕರಗಿತು. ಕೆನ್ನೆಯಿಂದ ಒಂದು ಕಂದು ಹನಿ ಇಳಿದು ಮುನಿವೆಂಕಟಮ್ಮನ ಹೆಬ್ಬೆರಳಿಗೆ ಬಂತು. ಅವಳು ಕೈ ಕದಲಿಸಲಿಲ್ಲ. ಆಮೇಲೆ ಹಣೆಯ ಕುಂಕುಮ ಸಡಿಲಾಗಿ, ಹುಬ್ಬುಗಳ ನಡುವಿನಿಂದ ಮೂಗಿನ ಏರಿನವರೆಗೆ ಸಣ್ಣಗೆ ಇಳಿಯಿತು.

"ಅಯ್ಯೋ ಅತ್ತೆ" ಎಂದಳು ದಿವ್ಯ.

ಹಾಳೆ ಎರಡಾಯಿತು.

ಗೋಪಿ ಬಾಗಿ ಓದಿದ. ಗಂಜಿಯ ಜಿಡ್ಡಿನ ನಡುವೆ ಕೆಂಪಕ್ಷರಗಳು ಸ್ಪಷ್ಟವಾಗಿಯೇ ಇದ್ದವು. "ಇವತ್ತೇ. ಯಶವಂತಪುರ. ಒಂಬತ್ತು ಹತ್ತರಿಂದ ಹತ್ತು ಗಂಟೆ ಒಳಗೆ ಧಾರೆ." ಗಡಿಯಾರದಲ್ಲಿ ಏಳೂಕಾಲು. "ಅಟ್ಟೂರಿಗೆ, ಚಿಕ್ಕಜಾಲಕ್ಕೆ ಆಮೇಲೆ ಹೋಗಾನ. ಅಮ್ಮಾ, ಸೀರೆ ಉಟ್ಕೋ. ದಿವ್ಯ, ಬೀರೂನಲ್ಲಿ ಯಾವುದಾದ್ರೂ ಹೊಸ ಸೀರೆ ಇದ್ರೆ ಮದುಮಗಳಿಗೆ ಅಂತ ಕವರಿಗೆ ಹಾಕು."

ಮುನಿವೆಂಕಟಮ್ಮ ಹಾಳೆಯ ಈ ಮಗ್ಗುಲನ್ನು ನೋಡುತ್ತಿದ್ದಳು. ನೆರಳು ಹೋದ ಅವ್ವ ಇನ್ನೂ ಸ್ವಲ್ಪ ಚಿಕ್ಕವಳಾಗಿದ್ದಳು. ಕುಂಕುಮ ಇಳಿದಿತ್ತು. ನೋಡುತ್ತಾ ನೋಡುತ್ತಾ ಮರೆತೇ ಹೋಗಿದ್ದ ಒಂದು ಸಂಗತಿ ಅವಳಿಗೆ ನೆನಪಾಯಿತು. ರಾಗಿ ಹೊಲದಲ್ಲಿ ಕಳೆ ಕೀಳುವಾಗ ಅವ್ವನ ಕುಂಕುಮ ದುಂಡಗೆ ಇದ್ದದ್ದೇ ಇಲ್ಲ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿರುತ್ತಿತ್ತು. ಸೆರಗಿನಲ್ಲಿ ಒರೆಸಿಕೊಳ್ಳಲು ಅವ್ವನಿಗೆ ಪುರುಸೊತ್ತಿರಲಿಲ್ಲ. ಹುಡುಗಿಯಾಗಿದ್ದಾಗ ತಾನೇ ಬೆರಳಿನಿಂದ ಅದನ್ನು ಮೇಲಕ್ಕೆ ತೀಡುತ್ತಿದ್ದಳು.

"ಏನ್ರಿ ಅಮ್ಮಾರ, ಅಳಾಕತ್ತೀರಿ?"

"ಇಲ್ಲ ಕಣೇ, ಹಬೆ" ಎಂದಳು ಮುನಿವೆಂಕಟಮ್ಮ. ಆಮೇಲೆ, "ಈಗ ಸರಿಯಾಗಿ ಬಂದ್ಲು" ಎಂದಳು.

ಹೆಬ್ಬಾಳದ ಕಡೆಯ ಟ್ರಾಫಿಕ್ಕನ್ನು ಭಾನುವಾರವೂ ನೆಚ್ಚುವ ಹಾಗಿಲ್ಲವೆಂದು ಗೋಪಿ ಸಿಂಗಾಪುರದ ಮೇಲೆ, ಜಾಲಹಳ್ಳಿಯ ಮರಗಳ ರಸ್ತೆ ಹಿಡಿದು ಕಾರು ಓಡಿಸಿದ. ಮುನಿವೆಂಕಟಮ್ಮ ಹಾಳೆಯ ಎರಡು ಹೋಳುಗಳನ್ನು ಒಣಗಲೆಂದು ಮಡಿಲಲ್ಲಿ ಹರಡಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬಿ.ಇ.ಎಲ್. ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಗೋಪಿ ಕೈ ಹಿಂದೆ ಚಾಚಿ, "ಛತ್ರದ ಹೆಸರು ಏನಂದ್ಯಮ್ಮಾ?" ಎಂದ. ಅವಳು ಅವ್ವನನ್ನು ಕೊಟ್ಟಳು. ಅವನು ಓದಿ ವಾಪಸ್ಸು ಕೊಟ್ಟ. ದಾರಿಯುದ್ದಕ್ಕೂ ಹೀಗೆ ಮೂರು ಸಲ ಅವ್ವ ಮುಂದಕ್ಕೂ ಹಿಂದಕ್ಕೂ ಓಡಾಡಿದಳು.

ಅವರು ಛತ್ರದ ಮೆಟ್ಟಿಲು ಹತ್ತುವಾಗ ಗಟ್ಟಿಮೇಳ ಮೊಳಗುತ್ತಿತ್ತು. ಮುನಿವೆಂಕಟಮ್ಮ ಬಾಗಿಲಲ್ಲೇ ಯಾರದೋ ತಟ್ಟೆಯಿಂದ ಒಂದು ಹಿಡಿ ಅಕ್ಷತೆ ತೆಗೆದುಕೊಂಡು, ನಿಂತಲ್ಲಿಂದಲೇ ಎಸೆದಳು. ಅದು ಮದುಮಗಳವರೆಗೆ ಮುಟ್ಟಲಿಲ್ಲ, ಮುಂದೆ ಕೂತಿದ್ದವರ ತಲೆಯ ಮೇಲೆ ಬಿತ್ತು. ಆ ತಲೆ ತಿರುಗಿತು. ದ್ರೌಪದಮ್ಮ ಟೀಚರು.

"ಕಡೇ ಬೆಂಚು ಯಾವಾಗ್ಲೂ ತಡ" ಎಂದರು ಟೀಚರು. "ಬಾ, ಇಲ್ಲಿ ಕೂತ್ಕೋ. ಆಗ್ಲಿಂದ ಬಾಗಿಲು ನೋಡಿ ನೋಡಿ ಕತ್ತು ನೋವು ಬಂತು."

ಪಕ್ಕದಲ್ಲಿ ಕೂತ ಮೇಲೆ ಮುನಿವೆಂಕಟಮ್ಮನಿಗೆ ಸುಮ್ಮನಿರಲಾಗಲಿಲ್ಲ. ಸುಳ್ಳು ಹೇಳಲು ಬಾರದ ಹೆಂಗಸು. ಚೀಲದಿಂದ ಎರಡು ಹೋಳು ತೆಗೆದು ಟೀಚರ ಮಡಿಲಲ್ಲಿಟ್ಟಳು.

"ತಪ್ಪಾಯ್ತು ಟೀಚರಮ್ಮ. ನಿಮ್ ಕಾರ್ಡು ಕತ್ರಿಸಿಬಿಟ್ಟೆ. ಪುಸ್ತಕಕ್ಕೆ ಹಾಕ್ಬಿಟ್ಟೆ. ಮುಂದಿನ ವಾರ ಅಂದ್ಕೊಂಡಿದ್ದೆ. ಬೆಳಿಗ್ಗೆ ಇಡ್ಲಿ ಪಾತ್ರೆ ಮೇಲಿಟ್ಟು ಬಿಚ್ಚಿ ಓದ್ಕೊಂಡ್ ಬಂದ್ವಿ."

ಟೀಚರು ಕನ್ನಡಕ ಏರಿಸಿ ಕೆಂಪಕ್ಷರ ನೋಡಿದರು. ಮೊಮ್ಮಗಳ ಹೆಸರು ಗಂಜಿಯಲ್ಲಿ ಅರ್ಧ ಮಾಸಿತ್ತು. ಮಗ್ಗುಲು ತಿರುಗಿಸಿದರು. ಓಲಗ ಜೋರಾಗಿದ್ದರಿಂದ ಅವರು ಕೇಳಿದ್ದು ಮುನಿವೆಂಕಟಮ್ಮನಿಗೆ ಎರಡನೇ ಸಲಕ್ಕೆ ಕೇಳಿಸಿತು.

"ಯಾರಿದು?"

"ನಮ್ಮವ್ವ."

"ಫೋಟೋನೇ ಇಲ್ಲ ಅಂತಿದ್ಯಲ್ಲ, ಆ ಅವ್ವನಾ? ಬಂದ್ರಾ ಕೊನೆಗೂ?"

"ಬಂದ್ಲು. ನಿಮ್ ಕಾರ್ಡಿನ ಬೆನ್ನ ಮೇಲೇ ಬಂದ್ಲು."

ಟೀಚರಿಗೆ ಸಿಟ್ಟು ಬಂತು. ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ಮುನಿವೆಂಕಟಮ್ಮನನ್ನು ಗದರಿದ್ದು ಅದೇ ಮೊದಲು. "ಬುದ್ಧಿ ಇದೆಯಾ ನಿಂಗೆ? ಇದನ್ನ ಹಬೆಗೆ ಹಿಡಿದ್ಯಾ? ಮದುವೆ ಇನ್ನೊಂದ್ ಅರ್ಧ ಗಂಟೆಗೆ ಮುಗಿಯುತ್ತೆ. ಮುಖ ಹಾಳಾಗಿದ್ರೆ ಏನ್ ಮಾಡ್ತಿದ್ದೆ? ಬರ್ದೇ ಇದ್ದಿದ್ರೆ ನಾನು ನಾಲ್ಕು ದಿನ ಮುನಿಸ್ಕೊಂಡು ಸುಮ್ಮನಾಗ್ತಿದ್ದೆ."

"ಆ ನಾಲ್ಕು ದಿನ ನಂಗೆ ಪುಟ ಬರೆಯೋಕೆ ಕೈ ಏಳ್ತಿರ್ಲಿಲ್ಲ ಟೀಚರಮ್ಮ."

ಟೀಚರು ಅವ್ವನ ಇಳಿದ ಕುಂಕುಮದ ಮೇಲೆ, ಮುಟ್ಟದೆ, ಗಾಳಿಯಲ್ಲಿ ಬೆರಳಾಡಿಸಿದರು. "ಇದು ಹಬೆಗೆ ಹೀಗಾಯ್ತಾ?"

"ಹೂಂ. ಅವ್ವಂದು ಯಾವಾಗ್ಲೂ ಹಿಂಗೇ ಇಳಿದಿರ್ತಿತ್ತು. ನಂಗೆ ಮರ್ತೋಗಿತ್ತು. ಬಿಚ್ಚಿದ್ ಮೇಲೆ ನೆನಪಾಯ್ತು."

ಟೀಚರು ಹೋಳುಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟರು. ಕೊಟ್ಟ ಕೈಯನ್ನು ಬಿಡಲಿಲ್ಲ. ಮದುಮಕ್ಕಳು ಸಪ್ತಪದಿ ತುಳಿದು, ಫೋಟೋದವರು ಅವರನ್ನು ಅತ್ತಿತ್ತ ತಿರುಗಿಸಿ, ಊಟದ ಕರೆ ಬರುವವರೆಗೂ ಇಬ್ಬರು ಮುದುಕಿಯರು ಕೈ ಹಿಡಿದುಕೊಂಡೇ ಕೂತಿದ್ದರು. ಗೋಪಿ ಎರಡು ಸಲ ಬಂದು ಅಟ್ಟೂರಿನ ಛತ್ರವನ್ನು ನೆನಪಿಸಿ ಹೋದ.

ಹೊರಡುವಾಗ ಟೀಚರು ತಮ್ಮ ಮಗನನ್ನು ಕರೆದರು. "ಉಳಿದಿರೋ ಕಾರ್ಡುಗಳು ಎಷ್ಟಿವೆಯೋ?"

"ಒಂದು ನೂರೈವತ್ತು ಇರ್ಬೇಕು. ಡಿಕ್ಕೀಲಿವೆ. ನಾಳೆ ರದ್ದಿಗೆ ಹಾಕ್ತೀನಿ."

"ಹಾಕಿದ್ರೆ ನೋಡು. ಪೂರ್ತಿ ಇವಳ ಕಾರಿಗಿಡು." ಮುನಿವೆಂಕಟಮ್ಮನ ಕಡೆ ತಿರುಗಿ, "ಇವುಕ್ಕೆಲ್ಲ ಒಂದೇ ದಿನಾಂಕ. ಅದೂ ಆಗಿಹೋಯ್ತು. ಎಷ್ಟ್ ಬೇಕಾದ್ರೂ ಕತ್ರಿಸ್ಕೋ" ಎಂದರು.

ಆ ಕಟ್ಟನ್ನು ಗೋಪಿ ಎರಡು ಮಹಡಿ ಹೊತ್ತು ತಂದ. ದಾನವ್ವ ಬಾಗಿಲಲ್ಲೇ ಕಾದಿದ್ದಳು. ಕಟ್ಟು ಬಿಚ್ಚಿ, ಕೆನೆ ಬಣ್ಣದ ಕಾಗದದ ಮೇಲೆ ಅಂಗೈ ಆಡಿಸಿ, "ಎವ್ವ, ಇಷ್ಟರೊಳಗ ಒಂಬತ್ತು ಪುಸ್ತಕ ಆಗ್ತಾವ್ರಿ. ಸೀರಿ ತುಂಡ ಸಾಲಂಗಿಲ್ಲ" ಎಂದಳು.

ಅವ್ವನ ಹಾಳೆಯನ್ನು ಮುನಿವೆಂಕಟಮ್ಮ ಮತ್ತೆ ಅಂಟಿಸಲಿಲ್ಲ. ಅದು ಈಗ ಒಂಟಿ ಹಾಳೆ. ಈ ಕಡೆ ಅವ್ವ, ಆ ಕಡೆ ಟೀಚರ ಮನೆಯ ಮದುವೆಯ ಹೊತ್ತು. ಪಿತೃಪಕ್ಷಕ್ಕೆ ಕಟ್ಟು ಹಾಕಿಸುವಾಗ ಹಿಂದಕ್ಕೂ ಗಾಜು ಹಾಕಿಸಬೇಕೆಂದು ಲಕ್ಕಣ್ಣನಿಗೆ ಫೋನಿನಲ್ಲಿ ಹೇಳಿದಳು. ಹಿಂದಕ್ಕ್ಯಾಕಮ್ಮಿ ಎಂದು ಅವನು ಕೇಳಿದ. ಬಂದಾಗ ಹೇಳ್ತೀನಿ ಎಂದಳು. ಅಲ್ಲಿಯವರೆಗೆ ಇರಲೆಂದು ದಾನವ್ವ ಅದನ್ನು ಪುಸ್ತಕದಲ್ಲಿ ಹಳೆಯ ಜಾಗಕ್ಕೇ, ಸಡಿಲವಾಗಿ, ನಾಲ್ಕೇ ಹೊಲಿಗೆಯಲ್ಲಿ ನಿಲ್ಲಿಸಿದಳು.

ಗೋಪಿ ಕ್ಯಾಲೆಂಡರಿನ ಇನ್ನೊಂದು ಪಕ್ಕಕ್ಕೆ ಎರಡನೇ ಮೊಳೆ ಹೊಡೆದ. "ಇದು ಆಗ್ಬೇಕಾದ್ದು, ಇದು ಆಗಿರೋದು. ಇದಕ್ಕೆ ಮಾತ್ರ ನಿನ್ ಕೈ, ತಿಳೀತಾ?" ಎಂದ. ದಿವ್ಯ ಹಿಂದಿನಿಂದ, "ನಾನು ಎಲ್ಲಾದ್ರದ್ದೂ ಫೋಟೋ ತೆಗೆದಿಟ್ಟಿದೀನಿ ಬಿಡಿ" ಎಂದಳು.

ಸೋಮವಾರ ಬೆಳಿಗ್ಗೆ ಹಾಲು ಉಕ್ಕಿತು. ಮುನಿವೆಂಕಟಮ್ಮ ಬಾಲ್ಕನಿಗೆ ಹೋಗಲಿಲ್ಲ. ಮಣೆ ಮೊರ ಎರಡನ್ನೂ ಅಡುಗೆಮನೆಗೇ ತಂದು, ಒಲೆಯೆದುರು ಕೂತಳು. ನಿನ್ನೆಯ ಪುಟ ಖಾಲಿ ಉಳಿದಿತ್ತು. ಅದಕ್ಕೆ ಭಾನುವಾರದ ದಿನಾಂಕ ಹಾಕಿ ಹಾಗೆಯೇ ಬಿಟ್ಟಳು. ಮುಂದಿನ ಪುಟಕ್ಕೆ ಹೋಗಿ ಇಡ್ಲಿ ಪಾತ್ರೆಯನ್ನು ಬರೆಯತೊಡಗಿದಳು. ಸೊಟ್ಟಗಾದ ಕಿವಿ, ಸುಟ್ಟ ತಳ, ಮುಚ್ಚಳದ ಮೇಲೆ ದಿವ್ಯ ಬಟ್ಟೆ ಸುತ್ತಿದ್ದ ಹಿಡಿ. ಹಬೆಯನ್ನು ಹೇಗೆ ಬರೆಯುವುದೆಂದು ತಿಳಿಯದೆ ಅಷ್ಟು ಜಾಗವನ್ನು ಖಾಲಿ ಬಿಟ್ಟಳು.

"ಅತ್ತೆ, ಅದನ್ನೇನ್ ಬರೀತೀರಾ, ಅದರ ಕಿವಿ ಬೇರೆ ಸೊಟ್ಟಗಿದೆ" ಎಂದಳು ದಿವ್ಯ, ಚಟ್ನಿಗೆ ಒಗ್ಗರಣೆ ಹಾಕುತ್ತಾ.

ಮುನಿವೆಂಕಟಮ್ಮ ಅಡಿಯಲ್ಲಿ ದಿನಾಂಕ ಹಾಕಿದಳು. ಆಮೇಲೆ ತನ್ನ ದುಂಡು ಅಕ್ಷರದಲ್ಲಿ, ಅಕ್ಷರ ಅಕ್ಷರಕ್ಕೂ ಉಸಿರು ತೆಗೆದುಕೊಂಡು, ಅವತ್ತಿನ ಸಾಲು ಬರೆದಳು: ನಮ್ಮನೆ ಇಡ್ಲಿ ಪಾತ್ರೆ. ಇದರ ಉಪಕಾರ ಮರೆಯೋದಲ್ಲ.